ಪಟ್ಟಿಯ ಮೊದಲ ಸಾಲಿನಲ್ಲಿ ಯಾವ ಕೋರ್ಸು?

ಪ್ರಶ್ನೆ: ನಮ್ಮದು ಹೊಸದುರ್ಗ ತಾಲ್ಲೂಕಿನ ಒಂದು ಹಳ್ಳಿ. ನಾಲ್ಕು ಎಕರೆ ಜಮೀನಿದೆ. ಒಂದಿಷ್ಟು ತೆಂಗು, ಉಳಿದದ್ದರಲ್ಲಿ ಈರುಳ್ಳಿ, ರಾಗಿ. ಮಗಳು ಹತ್ತನೆಯ ತರಗತಿಯವರೆಗೆ ಊರಿನ ಸರ್ಕಾರಿ ಶಾಲೆಯಲ್ಲೇ ಕನ್ನಡ ಮಾಧ್ಯಮದಲ್ಲಿ ಓದಿದಳು. ಆಮೇಲೆ ದಾವಣಗೆರೆಯಲ್ಲಿ ಹಾಸ್ಟೆಲಿನಲ್ಲಿದ್ದು ಪಿಸಿಎಂಬಿ ಓದಿ, ದ್ವಿತೀಯ ಪಿಯುಸಿಯಲ್ಲಿ ಶೇ. 88 ಅಂಕ ತೆಗೆದಿದ್ದಾಳೆ. ಸಿಇಟಿಯಲ್ಲಿ ಎಂಜಿನಿಯರಿಂಗ್ ರ‍್ಯಾಂಕ್ 48 ಸಾವಿರದ ಆಸುಪಾಸು, ಕೃಷಿ ವಿಜ್ಞಾನದ ರ‍್ಯಾಂಕ್ ಅದಕ್ಕಿಂತ ಬಹಳ ಚೆನ್ನಾಗಿದೆ. ಕೃಷಿಕರ ಕೋಟಾದ ಪ್ರಾಯೋಗಿಕ ಪರೀಕ್ಷೆಯನ್ನೂ ಬರೆದಿದ್ದಾಳೆ. ನಾವು 2ಎ ಪ್ರವರ್ಗದವರು. ಅವಳಿಗೆ ಬಿಎಸ್ಸಿ ಕೃಷಿ ಓದುವ ಆಸೆ. ಬೆಂಗಳೂರಿನಲ್ಲಿರುವ ನನ್ನ ತಮ್ಮ, ಕಂಪ್ಯೂಟರ್ ಸೈನ್ಸ್ ಬಿಟ್ಟು ಬೇರೇನು ಓದಿದರೂ ಕೆಲಸ ಸಿಗುವುದಿಲ್ಲ, ಅಲ್ಲಿ ಮ್ಯಾನೇಜ್‌ಮೆಂಟ್ ಸೀಟು ಕೊಡಿಸುತ್ತೇನೆ, ನಾಲ್ಕು ವರ್ಷಕ್ಕೆ 14 ಲಕ್ಷ ಶುಲ್ಕವಾಗುತ್ತದೆ ಎನ್ನುತ್ತಾನೆ. ಅಷ್ಟು ಹೊಂದಿಸಲು ಎರಡು ಎಕರೆ ಮಾರಬೇಕು. ಹೊಲದ ಕಷ್ಟ ತಪ್ಪಲಿ ಎಂದು ಓದಿಸಿದ ಮಗಳು ಮತ್ತೆ ಹೊಲಕ್ಕೇ ಹೋಗುತ್ತಾಳಲ್ಲ ಎಂಬ ಸಂಕಟ ನನಗೂ ಇದೆ. ಚಿತ್ರದುರ್ಗದಲ್ಲಿ ಸಾಮಾನ್ಯ ಬಿಎಸ್ಸಿಗೆ ಸೇರಿಸುವುದು ಇನ್ನೊಂದು ದಾರಿ. ಹೆಂಡತಿಯ ತವರು ಹರಪನಹಳ್ಳಿ. ಕಲ್ಯಾಣ ಕರ್ನಾಟಕದವರಿಗಿರುವ 371ಜೆ ಮೀಸಲಾತಿಯಿಂದ ಏನಾದರೂ ಅನುಕೂಲವಿದೆಯೇ? ಮುಂದಿನ ವಾರ ಆಪ್ಷನ್ ಎಂಟ್ರಿ (ಬೇಕಾದ ಕೋರ್ಸು, ಕಾಲೇಜುಗಳ ಪಟ್ಟಿಯನ್ನು ಅನುಕ್ರಮವಾಗಿ ತುಂಬುವುದು) ಮಾಡಬೇಕು. ಏನು ಮಾಡಲಿ?

ಉತ್ತರ: ಮೊದಲು ಜಮೀನಿನ ಮಾತು ಮುಗಿಸೋಣ. ಎರಡು ಎಕರೆ ಮಾರಬೇಡಿ. ನಿಮ್ಮ ಮಗಳು ತೆಗೆದಿರುವ ಅಂಕಗಳಿಗೆ, ಅವಳಿಗಿರುವ ಮೀಸಲಾತಿಗೆ, ಸರ್ಕಾರ ನಿಗದಿ ಮಾಡಿದ ಶುಲ್ಕದಲ್ಲೇ ಒಳ್ಳೆಯ ಓದು ಸಿಗುವ ದಾರಿಗಳಿವೆ. ಅವುಗಳನ್ನು ಪೂರ್ತಿ ನೋಡುವ ಮೊದಲೇ ಜಮೀನಿಗೆ ಕೈ ಹಾಕುವ ಅಗತ್ಯವಿಲ್ಲ. ಆ 14 ಲಕ್ಷ ಶುಲ್ಕ ಮಾತ್ರ. ಬೆಂಗಳೂರಿನ ಹಾಸ್ಟೆಲ್ ಅಥವಾ ಪಿಜಿ, ಊಟ, ಓಡಾಟ, ಲ್ಯಾಪ್‌ಟಾಪ್ ಸೇರಿದರೆ ಲೆಕ್ಕ ಎಲ್ಲಿಗೆ ಹೋಗುತ್ತದೆಂದು ನೀವೇ ಒಂದು ಹಾಳೆಯಲ್ಲಿ ಬರೆದು ನೋಡಿ. ಇನ್ನೊಂದು ವಿಷಯವನ್ನೂ ಗಮನದಲ್ಲಿಡಿ: ಆ ಕಾಲೇಜು ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಸಂಯೋಜನೆಯಲ್ಲಿದ್ದರೆ, ನಾಲ್ಕು ವರ್ಷದ ನಂತರ ಕೈಗೆ ಬರುವ ಪದವಿ ದಾವಣಗೆರೆಯ ಬಾಪೂಜಿ ಕಾಲೇಜಿನಲ್ಲೋ ಯುಬಿಡಿಟಿಯಲ್ಲೋ ಓದಿದವರಿಗೆ ಸಿಗುವ ಪದವಿಯೇ.

ನಿಮ್ಮ ತಮ್ಮ ಕೆಟ್ಟದ್ದನ್ನು ಬಯಸಿ ಹೇಳಿದ್ದಲ್ಲ. ಬೆಂಗಳೂರಿನಲ್ಲಿರುವವರಿಗೆ ಕಣ್ಣೆದುರು ಕಾಣುವುದು ಸಾಫ್ಟ್‌ವೇರ್ ಕಂಪನಿಗಳು. ಕಂಪ್ಯೂಟರ್ ಸೈನ್ಸ್ ಓದಿದ ಎಷ್ಟೋ ಹಳ್ಳಿಯ ಮಕ್ಕಳು ಮನೆಯ ಸಾಲ ತೀರಿಸಿರುವುದೂ ನಿಜ. ಆದರೆ ಆ ಕೋರ್ಸಿಗೆ ಬೇಡಿಕೆ ಏರಿದಂತೆ ಸೀಟುಗಳೂ ಏರಿವೆ. ಈಗ ಕಂಪನಿಗಳು ಪದವಿಯ ಹೆಸರು ನೋಡಿ ಕೆಲಸ ಕೊಡುವುದಿಲ್ಲ, ಕೈಯಲ್ಲಿ ಕೌಶಲ ಇದೆಯೇ ಎಂದು ಪರೀಕ್ಷಿಸುತ್ತವೆ. ದಿನಗಟ್ಟಲೆ ಪರದೆಯ ಮುಂದೆ ಕುಳಿತು, ಒಂದು ತಪ್ಪನ್ನು ಹುಡುಕಿ ಸರಿಪಡಿಸುವುದರಲ್ಲಿ ಖುಷಿ ಕಾಣುವವರಿಗೆ ಆ ಓದು ಹೊಂದುತ್ತದೆ. ನಿಮ್ಮ ಮಗಳಿಗೆ ಆ ಖುಷಿ ಇದೆಯೇ ಎಂದು ಮನೆಯಲ್ಲಿ ಯಾರಾದರೂ ಕೇಳಿದ್ದೀರಾ? ಈ ವಾರದಲ್ಲೇ ಪರೀಕ್ಷಿಸಬಹುದು. ಪ್ರೋಗ್ರಾಮಿಂಗ್ ಕಲಿಸುವ ಉಚಿತ ಪಾಠಗಳು ಮೊಬೈಲಿನಲ್ಲೇ ಸಿಗುತ್ತವೆ, ಕನ್ನಡದಲ್ಲೂ ಇವೆ. ಮೂರ್ನಾಲ್ಕು ಸಂಜೆ ಅವಳು ಅದರ ಮುಂದೆ ಕೂರಲಿ. ನಾಲ್ಕನೆಯ ಸಂಜೆ ಅವಳೇ ಹುಡುಕಿಕೊಂಡು ಹೋಗಿ ಕೂತರೆ ಕಂಪ್ಯೂಟರ್ ಸೈನ್ಸನ್ನು ಪಟ್ಟಿಯಲ್ಲಿ ಮೇಲಕ್ಕೆ ಇಡಿ. ಕರೆದು ಕೂರಿಸಬೇಕಾಯಿತು ಎಂದರೆ ಅವಳು ಆಗಲೇ ಉತ್ತರ ಕೊಟ್ಟಂತೆ.

ಈಗ ನಿಮ್ಮ ಸಂಕಟದ ಮಾತು. ಕೃಷಿ ಪದವಿ ಓದಿದವರು ಹೊಲದಲ್ಲಿ ದುಡಿಯಲು ಹೋಗುತ್ತಾರೆಂಬ ಭಾವನೆ ನಮ್ಮ ಚಿತ್ರದುರ್ಗ, ದಾವಣಗೆರೆ ಎರಡೂ ಜಿಲ್ಲೆಗಳಲ್ಲಿ ರೈತರ ಮನೆಗಳಲ್ಲೇ ಹೆಚ್ಚು. ಅದು ಏಕೆಂದು ನನಗೆ ಅರ್ಥವಾಗುತ್ತದೆ. ಬರ, ಬೆಲೆ ಕುಸಿತ, ಕೊಳವೆಬಾವಿ ಬತ್ತುವುದು ಇವನ್ನೆಲ್ಲ ಉಂಡವರು ಮಕ್ಕಳಿಗೆ ಅದು ಬೇಡ ಎನ್ನುವುದು ಸಹಜ. ಆದರೆ ಬಿಎಸ್ಸಿ ಕೃಷಿ ನಾಲ್ಕು ವರ್ಷದ ವೃತ್ತಿಪರ ವಿಜ್ಞಾನ ಪದವಿ. ಮಣ್ಣಿನ ರಸಾಯನ, ಕೀಟಶಾಸ್ತ್ರ, ಸಸ್ಯರೋಗ, ತಳಿ ಅಭಿವೃದ್ಧಿ, ತಳಿವಿಜ್ಞಾನ, ಕೃಷಿ ಅರ್ಥಶಾಸ್ತ್ರ, ಸಂಖ್ಯಾಶಾಸ್ತ್ರ ಎಲ್ಲವನ್ನೂ ಓದಬೇಕು. ಕೊನೆಯ ವರ್ಷದಲ್ಲಿ ಗ್ರಾಮೀಣ ಕೃಷಿ ಕಾರ್ಯಾನುಭವ ಎಂದು ವಿದ್ಯಾರ್ಥಿಗಳು ಹಳ್ಳಿಯಲ್ಲಿ ತಂಗಿ ರೈತರ ಜತೆ ಕೆಲಸ ಮಾಡುತ್ತಾರೆ. ಈರುಳ್ಳಿಗೆ ನೇರಳೆ ಮಚ್ಚೆ ರೋಗ ಬಂದಾಗ ನೀವು ಹೊಸದುರ್ಗದ ಔಷಧಿ ಅಂಗಡಿಯಲ್ಲಿ ಕೊಟ್ಟದ್ದನ್ನು ತಂದು ಸಿಂಪಡಿಸಿರುತ್ತೀರಿ. ಆ ಶಿಲೀಂಧ್ರ ಯಾವುದು, ಯಾವ ಹವೆಯಲ್ಲಿ ಹರಡುತ್ತದೆ, ಯಾವ ಔಷಧಿ ಎಷ್ಟು ಪ್ರಮಾಣದಲ್ಲಿ ಬೇಕು, ಯಾವಾಗ ಬೇಡವೇ ಬೇಡ ಎಂದು ಹೇಳಬಲ್ಲವರನ್ನು ತಯಾರು ಮಾಡುವ ಕೋರ್ಸು ಇದು. ಅಂಥವರು ನಿಮ್ಮ ಹೋಬಳಿಗೆ ಸಾಲುತ್ತಿಲ್ಲ ಎಂಬುದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು.

ಕೆಲಸದ ವಿಷಯದಲ್ಲಿ ಇದ್ದದ್ದನ್ನು ಇದ್ದಂತೆ ಹೇಳುತ್ತೇನೆ. ಪ್ರತಿ ಹೋಬಳಿಯಲ್ಲೂ ರೈತ ಸಂಪರ್ಕ ಕೇಂದ್ರವಿದೆ. ಅಲ್ಲಿಯ ಕೃಷಿ ಅಧಿಕಾರಿ, ಸಹಾಯಕ ಕೃಷಿ ಅಧಿಕಾರಿ ಹುದ್ದೆಗಳಿಗೆ ಕೃಷಿ ಪದವೀಧರರನ್ನೇ ತೆಗೆದುಕೊಳ್ಳುತ್ತಾರೆ. 2024ರಲ್ಲಿ ಕರ್ನಾಟಕ ಲೋಕಸೇವಾ ಆಯೋಗ ಇಂಥ 945 ಹುದ್ದೆಗಳಿಗೆ ಅರ್ಜಿ ಕರೆದಿತ್ತು. ಆದರೆ ಇಂಥ ಅಧಿಸೂಚನೆ ವರ್ಷ ವರ್ಷ ಬರುವುದಿಲ್ಲ, ಬಂದಾಗ ಪೈಪೋಟಿ ವಿಪರೀತ. ರಾಷ್ಟ್ರೀಕೃತ ಬ್ಯಾಂಕುಗಳು ಐಬಿಪಿಎಸ್ ಪರೀಕ್ಷೆಯ ಮೂಲಕ ಕೃಷಿ ಕ್ಷೇತ್ರಾಧಿಕಾರಿಗಳನ್ನು ನೇಮಿಸಿಕೊಳ್ಳುತ್ತವೆ. ಈ ಹುದ್ದೆಗೆ ಕೃಷಿ, ತೋಟಗಾರಿಕೆ, ಪಶುವೈದ್ಯಕೀಯ, ಅರಣ್ಯ ಮುಂತಾದ ಪದವಿ ಇದ್ದವರು ಮಾತ್ರ ಅರ್ಹರು, ಹಾಗಾಗಿ ಸಾಮಾನ್ಯ ಪದವೀಧರರ ನೂಕುನುಗ್ಗಲು ಅಲ್ಲಿಲ್ಲ. ಬೀಜ, ಗೊಬ್ಬರ, ಕೀಟನಾಶಕ, ಹನಿ ನೀರಾವರಿ ಕಂಪನಿಗಳಲ್ಲಿ ಕೆಲಸ ಬೇಗ ಸಿಗುತ್ತದೆ. ಅದರಲ್ಲಿ ಊರೂರು ತಿರುಗಾಟ ಹೆಚ್ಚು, ಮಾರಾಟದ ಗುರಿಯ ಒತ್ತಡವೂ ಹೆಚ್ಚು. ಸಂಶೋಧನೆಗೆ ಹೋಗುವ ಮನಸ್ಸಿದ್ದರೆ ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ಪ್ರವೇಶ ಪರೀಕ್ಷೆ ಬರೆದು ಸ್ನಾತಕೋತ್ತರ ಓದಬಹುದು. ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ಚಿತ್ರದುರ್ಗ, ದಾವಣಗೆರೆ, ತುಮಕೂರು, ಚಿಕ್ಕಮಗಳೂರು ಜಿಲ್ಲೆಗಳ ಸುಮಾರು 2.25 ಲಕ್ಷ ಹೆಕ್ಟೇರಿಗೆ ಸೂಕ್ಷ್ಮ ನೀರಾವರಿಯ ಉದ್ದೇಶವಿದೆ. ಆ ನೀರು ಬಂದ ಮೇಲೆ ಬೆಳೆ ಪದ್ಧತಿಯೇ ಬದಲಾಗುತ್ತದೆ. ಆಗ ತಿಳಿದವರ ಅಗತ್ಯ ಈ ಸೀಮೆಯಲ್ಲೇ ಹೆಚ್ಚುತ್ತದೆಂದು ನಾನು ನಂಬಿದ್ದೇನೆ.

ಬಿಎಸ್ಸಿ ಕೃಷಿ ಒಂದನ್ನೇ ಹಿಡಿದು ಕೂರಬೇಕಾಗಿಲ್ಲ. ತೋಟಗಾರಿಕೆ, ಅರಣ್ಯ, ರೇಷ್ಮೆ, ಆಹಾರ ತಂತ್ರಜ್ಞಾನ, ಕೃಷಿ ಎಂಜಿನಿಯರಿಂಗ್, ಹೈನು ತಂತ್ರಜ್ಞಾನ, ಮೀನುಗಾರಿಕೆ ಇವೂ ಅದೇ ಪ್ರಕ್ರಿಯೆಯಲ್ಲಿ ಸಿಗುವ ಕೋರ್ಸುಗಳು. ಪಿಸಿಎಂಬಿ ಓದಿದವಳಿಗೆ ಬಹುತೇಕ ಎಲ್ಲವೂ ತೆರೆದಿವೆ. ತೆಂಗು, ದಾಳಿಂಬೆ, ಅಡಿಕೆ ಬೆಳೆಯುವ ನಮ್ಮ ಕಡೆಯ ಹುಡುಗಿಗೆ ತೋಟಗಾರಿಕೆ ಕೃಷಿಗಿಂತ ಕಡಿಮೆಯದೇನಲ್ಲ. ಪ್ರಾಣಿಗಳ ಮೇಲೆ ಅಕ್ಕರೆ ಇದ್ದರೆ ಪಶುವೈದ್ಯಕೀಯವನ್ನೂ ಯೋಚಿಸಲಿ. ಅದು ಐದೂವರೆ ವರ್ಷದ ದೀರ್ಘ ಓದು, ಪ್ರವೇಶವೂ ಕಠಿಣ, ಆದರೆ ವೃತ್ತಿಯಾಗಿ ಗಟ್ಟಿ. ಕೃಷಿಕರ ಕೋಟಾದ ಪ್ರಾಯೋಗಿಕ ಪರೀಕ್ಷೆ ಬರೆಸಿದ್ದು ಬಹಳ ಒಳ್ಳೆಯ ಕೆಲಸ. ಆ ಕೋಟಾದ ರ‍್ಯಾಂಕಿನಲ್ಲಿ ಪ್ರಾಯೋಗಿಕ ಅಂಕಕ್ಕೆ ದೊಡ್ಡ ಪಾಲಿದೆ. ಬೀಜ, ಗೊಬ್ಬರ, ಉಪಕರಣ, ಕೀಟ ಗುರುತಿಸುವ ಆ ಪರೀಕ್ಷೆಯಲ್ಲಿ ಹೊಲ ಕಂಡ ಮಕ್ಕಳಿಗೆ ಅನುಕೂಲ ಇದ್ದೇ ಇರುತ್ತದೆ.

ಇನ್ನು ಮುಂದಿನ ವಾರದ ಕೆಲಸ. ನಮ್ಮ ಭಾಗದ ಮಕ್ಕಳು ಅಂಕ ಕಡಿಮೆಯಾಗಿ ಸೀಟು ಕಳೆದುಕೊಳ್ಳುವುದಕ್ಕಿಂತ ಆಪ್ಷನ್ ಎಂಟ್ರಿಯಲ್ಲಿ ಎಡವಿ ಕಳೆದುಕೊಳ್ಳುವುದನ್ನು ನೋಡಿದಾಗ ಹೊಟ್ಟೆ ಉರಿಯುತ್ತದೆ. ಆದ್ದರಿಂದ ಇದನ್ನು ನಿಧಾನವಾಗಿ ಓದಿ, ಮಗಳಿಂದಲೂ ಓದಿಸಿ.

ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಕಂಪ್ಯೂಟರ್ ರ‍್ಯಾಂಕಿನ ಪ್ರಕಾರ ಒಬ್ಬೊಬ್ಬರನ್ನೇ ತೆಗೆದುಕೊಳ್ಳುತ್ತದೆ. ನಿಮ್ಮ ಮಗಳ ಸರದಿ ಬಂದಾಗ ಅವಳ ಪಟ್ಟಿಯ ಮೊದಲ ಸಾಲನ್ನು ನೋಡುತ್ತದೆ. ಅಲ್ಲಿ ಅವಳ ರ‍್ಯಾಂಕಿಗೆ, ಅವಳ ಪ್ರವರ್ಗಕ್ಕೆ ಸೀಟು ಉಳಿದಿದ್ದರೆ ಕೊಟ್ಟುಬಿಡುತ್ತದೆ, ಕೆಳಗಿನ ಸಾಲುಗಳನ್ನು ನೋಡುವುದೇ ಇಲ್ಲ. ಮೊದಲ ಸಾಲಿನಲ್ಲಿ ಇಲ್ಲದಿದ್ದರೆ ಎರಡನೆಯದು, ಅಲ್ಲೂ ಇಲ್ಲದಿದ್ದರೆ ಮೂರನೆಯದು, ಹೀಗೆ ಇಳಿಯುತ್ತದೆ. ಇದರಿಂದ ಎರಡು ಸಂಗತಿ ಸ್ಪಷ್ಟ. ಸಿಗುವುದು ಕಷ್ಟವೆನಿಸುವ ಕಾಲೇಜನ್ನು ಮೇಲೆ ಬರೆದರೆ ಯಾವ ನಷ್ಟವೂ ಇಲ್ಲ, ಕೆಳಗಿನ ಸೀಟಿನ ಮೇಲಿನ ಹಕ್ಕು ಅದರಿಂದ ಕಡಿಮೆಯಾಗುವುದಿಲ್ಲ. ಆದರೆ ಮನಸ್ಸಿಲ್ಲದ ಸೀಟನ್ನು ಸುಲಭವಾಗಿ ಸಿಗುತ್ತದೆಂದು ಮೇಲೆ ಬರೆದರೆ, ಅದೇ ಸಿಗುತ್ತದೆ, ಬಯಸಿದ್ದು ಕೆಳಗೇ ಉಳಿಯುತ್ತದೆ.

ಎಂಜಿನಿಯರಿಂಗ್, ಕೃಷಿ, ಪಶುವೈದ್ಯಕೀಯ, ಫಾರ್ಮಸಿ, ನರ್ಸಿಂಗ್ ಎಲ್ಲವನ್ನೂ ಒಂದೇ ಪಟ್ಟಿಯಾಗಿ ನೋಡಿ ಹಂಚುತ್ತಾರೋ, ಬೇರೆ ಬೇರೆಯಾಗಿ ಹಂಚುತ್ತಾರೋ ಎಂಬುದನ್ನು ಪ್ರಾಧಿಕಾರದ ಈ ವರ್ಷದ ಸೂಚನೆಯಲ್ಲಿ ಓದಿಕೊಳ್ಳಿ. ಪ್ರತಿ ಕೋರ್ಸಿಗೂ ಅದರದೇ ರ‍್ಯಾಂಕ್ ಬಳಕೆಯಾಗುತ್ತದೆ, ಆದರೆ ಕೊನೆಗೆ ಉಳಿಯುವುದು ಒಂದೇ ಸೀಟು. ಒಂದೇ ಪಟ್ಟಿಯಾಗಿದ್ದರೆ, ಮನೆಯವರ ಒತ್ತಾಯಕ್ಕೆ ಮೊದಲ ಹತ್ತು ಸಾಲು ಎಂಜಿನಿಯರಿಂಗ್ ಬರೆದು ಹನ್ನೊಂದನೆಯದಾಗಿ ಕೃಷಿ ಬರೆದರೆ, ಹತ್ತರಲ್ಲಿ ಒಂದು ಸಿಕ್ಕ ಕೂಡಲೇ ಕೃಷಿ ಕೈಬಿಟ್ಟ ಹಾಗೆ. ಎಂಜಿನಿಯರಿಂಗ್ ಬಂದರೆ ಬರಲಿ, ಬಾರದಿದ್ದರೆ ಕೃಷಿ ಇದ್ದೇ ಇದೆ ಎಂಬ ಲೆಕ್ಕಾಚಾರ ಆಗ ನಡೆಯುವುದಿಲ್ಲ. ಕೃಷಿಯೇ ಬೇಕೆಂದು ಅವಳು ನಿರ್ಧರಿಸಿದ್ದರೆ ಕೃಷಿ ಮತ್ತು ಅದರ ಬಳಗದ ಕೋರ್ಸುಗಳೆಲ್ಲ ಮೇಲೆ ಬರಬೇಕು, ಎಂಜಿನಿಯರಿಂಗ್ ಅದರ ಕೆಳಗೆ. ಕೋರ್ಸು ಮೊದಲು ತೀರ್ಮಾನವಾಗಲಿ, ಕಾಲೇಜು ಆಮೇಲೆ ಎಂದು ನಾನು ಎಲ್ಲರಿಗೂ ಒತ್ತಿ ಹೇಳುವುದು ಇದೇ ಕಾರಣಕ್ಕೆ. ಈ ಪಟ್ಟಿಗೆ ಮನಸ್ಸಿನ ಗೊಂದಲ ತಿಳಿಯುವುದಿಲ್ಲ, ಬರೆದ ಅನುಕ್ರಮ ಮಾತ್ರ ತಿಳಿಯುತ್ತದೆ.

ಪಟ್ಟಿ ಉದ್ದವಾಗಿರಲಿ. ನಾಲ್ಕೈದು ಆಯ್ಕೆ ಬರೆದು ಸುಮ್ಮನಾಗುವವರಿದ್ದಾರೆ, ಕಡೆಗೆ ಯಾವುದೂ ಸಿಗದೆ ಪರದಾಡುತ್ತಾರೆ. ನಲವತ್ತು ಐವತ್ತು ಬರೆದರೂ ತೊಂದರೆಯಿಲ್ಲ. ಆದರೆ ಸಿಕ್ಕರೆ ನಿಜವಾಗಿ ಸೇರುತ್ತೇನೆ ಎನ್ನುವಂಥದ್ದನ್ನು ಮಾತ್ರ ಬರೆಯಲಿ.

ಕಳೆದ ವರ್ಷಗಳ ಕಟ್‌ಆಫ್ ರ‍್ಯಾಂಕ್ ಪಟ್ಟಿಗಳು ಪ್ರಾಧಿಕಾರದ ಜಾಲತಾಣದಲ್ಲಿವೆ. ಅವನ್ನು ನೋಡುವಾಗ ಹೆಚ್ಚಿನವರು ಸಾಮಾನ್ಯ ವರ್ಗದ ಅಂಕಣ ನೋಡಿ ಎದೆಗುಂದುತ್ತಾರೆ. ನೀವು ನೋಡಬೇಕಾದದ್ದು 2ಎಜಿ, 2ಎಆರ್, 2ಎಕೆ ಎಂಬ ಮೂರು ಅಂಕಣಗಳು. ಒಂದರಿಂದ ಹತ್ತನೆಯ ತರಗತಿಯವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇ. 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5 ಸೀಟುಗಳು ಪ್ರತಿ ಪ್ರವರ್ಗದ ಒಳಗೇ ಇವೆ. ‘ಜಿ’ ಎಂದರೆ ಆ ಪ್ರವರ್ಗದ ಸಾಮಾನ್ಯ ಸೀಟು, ‘ಆರ್’ ಎಂದರೆ ಗ್ರಾಮೀಣ, ‘ಕೆ’ ಎಂದರೆ ಕನ್ನಡ ಮಾಧ್ಯಮ. ನಿಮ್ಮ ಮಗಳು ಎರಡಕ್ಕೂ ಅರ್ಹಳು. ಪಿಯುಸಿಯನ್ನು ದಾವಣಗೆರೆಯಲ್ಲಿ ಇಂಗ್ಲಿಷಿನಲ್ಲಿ ಓದಿದ್ದರಿಂದ ಇದಕ್ಕೆ ಅಡ್ಡಿಯಿಲ್ಲ. ಊರಿನ ಸರ್ಕಾರಿ ಶಾಲೆಯಲ್ಲಿ ಓದಿಸಿದ್ದಕ್ಕೆ ಸಂಕೋಚಪಡುವ ತಂದೆ ತಾಯಿಯರನ್ನು ನಾನು ನೋಡುತ್ತಲೇ ಇರುತ್ತೇನೆ. ಈ ಅಂಕಣಗಳ ಮುಂದೆ ಆ ಶಾಲೆಯೇ ನಿಮ್ಮ ಮಗಳ ಬಲ. ಅರ್ಜಿಯಲ್ಲಿ ಇವೆರಡನ್ನೂ ಕೋರಿದ್ದೀರಾ, ಪರಿಶೀಲನೆಯ ಚೀಟಿಯಲ್ಲಿ ಎರಡೂ ನಮೂದಾಗಿವೆಯೇ ಎಂದು ಇವತ್ತೇ ನೋಡಿ. ಇಲ್ಲದಿದ್ದರೆ ಶಾಲೆಯ ಮುಖ್ಯೋಪಾಧ್ಯಾಯರಿಂದ ವ್ಯಾಸಂಗ ಪ್ರಮಾಣಪತ್ರ ಬರೆಸಿ, ಹೊಸದುರ್ಗದ ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಯಲ್ಲಿ ಮೇಲುರುಜು ಹಾಕಿಸಿಕೊಂಡು, ತಿದ್ದುಪಡಿಗೆ ಅವಕಾಶವಿರುವಾಗಲೇ ಪ್ರಾಧಿಕಾರವನ್ನು ಸಂಪರ್ಕಿಸಿ. ಆರ್‌ಡಿ ಸಂಖ್ಯೆ ಇರುವ ಜಾತಿ ಆದಾಯ ಪ್ರಮಾಣಪತ್ರದಲ್ಲಿ ಹೆಸರಿನ ಕಾಗುಣಿತ ಅಂಕಪಟ್ಟಿಯಲ್ಲಿರುವಂತೆಯೇ ಇದೆಯೇ ಎಂಬುದನ್ನೂ ನೋಡಿಕೊಳ್ಳಿ. ಒಂದಕ್ಷರ ಬೇರೆಯಾಗಿ ನಾಡಕಚೇರಿಗೆ ಅಲೆದವರು ಬಹಳ ಮಂದಿ.

371ಜೆ ವಿಚಾರ. ಹೊಸದುರ್ಗವಾಗಲಿ, ಚಿತ್ರದುರ್ಗ ಮತ್ತು ದಾವಣಗೆರೆ ಜಿಲ್ಲೆಗಳ ಇತರ ಈಗಿನ ತಾಲ್ಲೂಕುಗಳಾಗಲಿ ಕಲ್ಯಾಣ ಕರ್ನಾಟಕದ ವ್ಯಾಪ್ತಿಗೆ ಬರುವುದಿಲ್ಲ. ಹರಪನಹಳ್ಳಿ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿ, 2018ರಲ್ಲಿ ಮರಳಿ ಬಳ್ಳಾರಿಗೆ ಹೋಗಿ, ಈಗ ವಿಜಯನಗರ ಜಿಲ್ಲೆಯಲ್ಲಿದೆ. ಅದು ವಿಶೇಷ ಸ್ಥಾನಮಾನದ ವ್ಯಾಪ್ತಿಯಲ್ಲಿದೆ. ಅರ್ಹತಾ ಪ್ರಮಾಣಪತ್ರ ಕೊಡುವವರು ಉಪವಿಭಾಗಾಧಿಕಾರಿ. ನಿಮ್ಮ ಹೆಂಡತಿಯ ಜನನ, ವಾಸ, ಓದಿನ ದಾಖಲೆಗಳನ್ನು ತೆಗೆದುಕೊಂಡು ಹರಪನಹಳ್ಳಿಯ ಉಪವಿಭಾಗಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ. ಕೈಯಲ್ಲಿ ಪ್ರಮಾಣಪತ್ರ ಇಲ್ಲದೆ ಅದರ ಮೇಲೆ ಲೆಕ್ಕ ಹಾಕಬೇಡಿ.

ಪಟ್ಟಿ ಬರೆದ ಮೇಲೆ ಅಣಕು ಸೀಟು ಹಂಚಿಕೆ ನಡೆಯುತ್ತದೆ. ಅಲ್ಲಿ ತೋರಿಸುವುದು ನಿಜವಾದ ಸೀಟಲ್ಲ. ಈಗಿರುವ ಪಟ್ಟಿಗೆ ಏನು ಸಿಗಬಹುದು ಎಂಬ ಅಂದಾಜು ಅಷ್ಟೆ. ಅದನ್ನು ನೋಡಿ ಅನುಕ್ರಮ ಬದಲಿಸಲು ಸಮಯ ಕೊಡುತ್ತಾರೆ. ಅಣಕು ಹಂಚಿಕೆಯಲ್ಲಿ ಏನೂ ಬರಲಿಲ್ಲವೆಂದು ಹೆದರಿ ಬಯಸಿದ ಕೋರ್ಸನ್ನು ಅಳಿಸಬೇಡಿ. ಹೆಚ್ಚಿನ ರ‍್ಯಾಂಕಿನವರು ವೈದ್ಯಕೀಯಕ್ಕೋ ಬೇರೆ ರಾಜ್ಯಕ್ಕೋ ಹೋದಂತೆ ನಂತರದ ಸುತ್ತುಗಳಲ್ಲಿ ಸೀಟುಗಳು ಬಿಡುವಾಗುತ್ತವೆ. ಹಳೆಯ ಕಟ್‌ಆಫ್ ನೋಡುವಾಗಲೂ ಮೊದಲ ಸುತ್ತಿನದು ಯಾವುದು, ಕೊನೆಯ ಸುತ್ತಿನದು ಯಾವುದು ಎಂದು ಬೇರೆ ಬೇರೆ ನೋಡಿ.

ನಿಜವಾದ ಹಂಚಿಕೆ ಆದಮೇಲೆ ನಾಲ್ಕು ಚಾಯ್ಸ್‌ಗಳಲ್ಲಿ ಒಂದನ್ನು ಒತ್ತಬೇಕು. ಚಾಯ್ಸ್-1 ಎಂದರೆ ಸೀಟು ಒಪ್ಪಿಗೆ, ಶುಲ್ಕ ಕಟ್ಟಿ ಸೇರುತ್ತೇನೆ. ಚಾಯ್ಸ್-2 ಎಂದರೆ ಈ ಸೀಟು ಇಟ್ಟುಕೊಂಡು, ಪಟ್ಟಿಯಲ್ಲಿ ಇದಕ್ಕಿಂತ ಮೇಲಿರುವುದಕ್ಕಾಗಿ ಮುಂದಿನ ಸುತ್ತಿಗೆ ಕಾಯುತ್ತೇನೆ. ಚಾಯ್ಸ್-3 ಸೀಟು ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು. ಚಾಯ್ಸ್-4 ಪ್ರಕ್ರಿಯೆಯಿಂದಲೇ ಹೊರಬೀಳುವುದು. ಇದರಲ್ಲಿ ಜನ ಮೋಸಹೋಗುವುದು ಎರಡನೆಯದರಲ್ಲಿ. ಮುಂದಿನ ಸುತ್ತಿನಲ್ಲಿ ಮೇಲಿನ ಆಯ್ಕೆ ಸಿಕ್ಕಿತೆಂದರೆ ಮೊದಲು ಸಿಕ್ಕ ಸೀಟು ತಾನಾಗಿಯೇ ರದ್ದಾಗುತ್ತದೆ, ಮತ್ತೆ ಬೇಕೆಂದರೂ ಬಾರದು. ಆದ್ದರಿಂದ ಚಾಯ್ಸ್-2 ಒತ್ತುವ ಮೊದಲು ಮೇಲೆ ಉಳಿದಿರುವ ಪ್ರತಿ ಸಾಲನ್ನೂ ಓದಿ, ಈಗ ಬೇಡವೆನಿಸಿದ್ದನ್ನು ತೆಗೆದುಹಾಕಿ. ಚಾಯ್ಸ್-3 ಅವಳ ಪರಿಸ್ಥಿತಿಗೆ ಬೇಕಾಗುವುದು ಅಪರೂಪ. ಆಯಾ ಸುತ್ತಿನಲ್ಲಿ ಶುಲ್ಕ ಯಾವಾಗ ಕಟ್ಟಬೇಕೆಂಬುದನ್ನು ಪ್ರಾಧಿಕಾರದ ಆ ವರ್ಷದ ಸೂಚನೆಯಲ್ಲೇ ಓದಿ, ಕೇಳಿದ ಮಾತು ನಂಬಬೇಡಿ.

ಪಾಸ್‌ವರ್ಡ್ ಮತ್ತು ಓಟಿಪಿ ಯಾರ ಕೈಗೂ ಕೊಡಬೇಡಿ. ಸೈಬರ್ ಸೆಂಟರಿನವರು ಒಳ್ಳೆಯವರೇ ಇರಬಹುದು, ಆದರೂ ಮಗಳು ಪಕ್ಕದಲ್ಲೇ ಕುಳಿತು ಟೈಪ್ ಮಾಡಲಿ, ಮುದ್ರಿತ ಪ್ರತಿಯನ್ನು ಮನೆಯಲ್ಲಿ ಸಾಲು ಸಾಲಾಗಿ ಓದಿ ಹೊಂದಿಸಲಿ. 2024ರಲ್ಲಿ ಸಿಇಟಿ ಸೀಟು ಬ್ಲಾಕಿಂಗ್ ಪ್ರಕರಣ ಬೆಳಕಿಗೆ ಬಂದು ಪೊಲೀಸ್ ತನಿಖೆ, ಬಂಧನಗಳು ನಡೆದವು. ಬೇರೆಯವರ ಲಾಗಿನ್ ವಿವರ ಬಳಸಿ ಸೀಟು ಹಿಡಿದಿಟ್ಟ ಆರೋಪ ಅದು. ಸೀಟು ಕೊಡಿಸುತ್ತೇವೆಂದು ಈ ದಿನಗಳಲ್ಲಿ ನಿಮ್ಮ ಮೊಬೈಲಿಗೂ ಕರೆಗಳು ಬರುತ್ತವೆ. ಸರ್ಕಾರಿ ಕೋಟಾದ ಸೀಟನ್ನು ಯಾರೂ ಕೊಡಿಸಲಾರರು.

ಎಂಜಿನಿಯರಿಂಗ್ ಕಡೆಗೇ ಮನಸ್ಸು ವಾಲಿದರೂ ಬೆಂಗಳೂರು ಅನಿವಾರ್ಯವಲ್ಲ. 1951ರಲ್ಲಿ ಆರಂಭವಾದ ಯುಬಿಡಿಟಿ, 1979ರ ಬಾಪೂಜಿ ಎಂಜಿನಿಯರಿಂಗ್ ಕಾಲೇಜು ದಾವಣಗೆರೆಯಲ್ಲಿವೆ, ಚಿತ್ರದುರ್ಗದಲ್ಲಿ ಎಸ್‌ಜೆಎಂ ತಾಂತ್ರಿಕ ಕಾಲೇಜು ಇದೆ. ಇಲ್ಲಿ ಒಂದು ಎಚ್ಚರಿಕೆ ಬೇಕು: ಒಂದೇ ಕಾಲೇಜಿನ ಒಂದೇ ವಿಭಾಗದಲ್ಲಿ ಕಡಿಮೆ ಶುಲ್ಕದ ಸೀಟು, ಹೆಚ್ಚಿನ ಶುಲ್ಕದ ಸೀಟು ಎರಡೂ ಬೇರೆ ಬೇರೆ ಸಾಲುಗಳಾಗಿ ಕಾಣಿಸಬಹುದು. ಕಾಲೇಜಿನ ಹೆಸರು ನೋಡಿ ಒತ್ತದೆ ಎದುರಿಗಿರುವ ಶುಲ್ಕ ನೋಡಿ. ಆದಾಯ ಮಿತಿಯೊಳಗಿನ ಕುಟುಂಬಗಳಿಗೆ ಬೋಧನಾ ಶುಲ್ಕ ವಿನಾಯಿತಿಯ ಎಸ್‌ಎನ್‌ಕ್ಯೂ ಸೀಟುಗಳೂ ಇವೆ, ಅದಕ್ಕೂ ಹಕ್ಕು ಕೋರಿ. ಸಾಧ್ಯವಾದರೆ ಒಂದು ದಿನ ಮಗಳ ಜತೆ ಕಾಲೇಜಿಗೇ ಹೋಗಿ, ಪ್ರವೇಶದ ಕೌಂಟರಿನಲ್ಲಿ ಕೇಳುವುದರ ಜತೆಗೆ ಕ್ಯಾಂಟೀನಿನಲ್ಲಿ ಕೂತಿರುವ ಕೊನೆಯ ವರ್ಷದ ವಿದ್ಯಾರ್ಥಿನಿಯರನ್ನು ಮಾತನಾಡಿಸಿ. ತರಗತಿಯಲ್ಲಿ ಎಷ್ಟು ಮಂದಿ, ಅವರಲ್ಲಿ ಎಷ್ಟು ಮಂದಿಗೆ ಕೆಲಸ ಸಿಕ್ಕಿತು, ಸಾಮಾನ್ಯ ಸಂಬಳ ಎಷ್ಟು ಎಂದು ಕೇಳಿ. ಫ್ಲೆಕ್ಸ್‌ನಲ್ಲಿ ಕಾಣುವುದು ಅತಿ ಹೆಚ್ಚು ಸಂಬಳ ಪಡೆದ ಒಬ್ಬರ ಚಿತ್ರ ಮಾತ್ರ.

ಸಾಮಾನ್ಯ ಬಿಎಸ್ಸಿಯನ್ನು ಸೋತವರ ದಾರಿ ಎಂದು ಎಣಿಸಬೇಡಿ. ರಾಜ್ಯದಲ್ಲಿ 2024–25ರಿಂದ ಪದವಿ ಮತ್ತೆ ಮೂರು ವರ್ಷದ್ದಾಗಿದೆ. ಚಿತ್ರದುರ್ಗದ ಸರ್ಕಾರಿ ವಿಜ್ಞಾನ ಕಾಲೇಜಿನಲ್ಲಿ ಓದಿ, ತೋಳಹುಣಸೆ ಬಳಿಯ ಶಿವಗಂಗೋತ್ರಿಯಲ್ಲಿರುವ ದಾವಣಗೆರೆ ವಿಶ್ವವಿದ್ಯಾಲಯದಲ್ಲಿ ಎಂಎಸ್ಸಿ ಮಾಡಬಹುದು. ಎಂಎಸ್ಸಿ ಪ್ರವೇಶದ ಜಾಮ್ ಪರೀಕ್ಷೆ ಬರೆದರೆ ಐಐಟಿಗಳ ಬಾಗಿಲೂ ತೆರೆಯುತ್ತದೆ. ಕಲಿಸುವ ಒಲವಿದ್ದರೆ ಬಿಎಡ್ ಇದೆ. ನಿಮ್ಮ ಮಗಳ ವಿಷಯದಲ್ಲಿ ಇದು ಎರಡನೆಯ ದಾರಿ, ಆದರೆ ಈಗಲೇ ತೆರೆದಿಡಬೇಕಾದ ದಾರಿ. ಪದವಿ ಕಾಲೇಜುಗಳ ಪ್ರವೇಶ ಪರೀಕ್ಷಾ ಪ್ರಾಧಿಕಾರದ ಮೂಲಕ ನಡೆಯುವುದಿಲ್ಲ, ಯುಯುಸಿಎಂಎಸ್ ಎಂಬ ಬೇರೆ ಜಾಲತಾಣದಲ್ಲಿ ಅರ್ಜಿ ಹಾಕಬೇಕು. ಅದರ ಕೊನೆಯ ದಿನಾಂಕ ಸಿಇಟಿ ಸುತ್ತುಗಳಿಗಾಗಿ ಕಾಯುವುದಿಲ್ಲ. ಅರ್ಜಿ ಹಾಕಿಡಿ. ಸೇರಿಸಬೇಕಾಗಿ ಬಂದರೆ ಮೂಲ ದಾಖಲೆಗಳನ್ನು ತೋರಿಸಿ ವಾಪಸು ತೆಗೆದುಕೊಳ್ಳಿ. ಮೂಲ ಅಂಕಪಟ್ಟಿಗಳನ್ನು ಕಾಲೇಜು ಇಟ್ಟುಕೊಳ್ಳಬಾರದು ಎಂದು ಯುಜಿಸಿ ನಿಯಮವೇ ಹೇಳುತ್ತದೆ.

ಹಣದ ಮಾತು. ಕೃಷಿ ವಿಶ್ವವಿದ್ಯಾಲಯಗಳಲ್ಲಿ ಸರ್ಕಾರಿ ಸೀಟಿನ ಶುಲ್ಕ ನೀವು ಹೇಳಿದ ಮೊತ್ತದ ಸಣ್ಣ ಭಾಗ, ಹಾಸ್ಟೆಲ್ ಆವರಣದಲ್ಲೇ ಇರುತ್ತದೆ. ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯ ವಿದ್ಯಾರ್ಥಿ ನಿಲಯ, ಅದು ಸಿಗದವರಿಗೆ ವಿದ್ಯಾಸಿರಿ ನೆರವು, ರಾಜ್ಯ ವಿದ್ಯಾರ್ಥಿವೇತನ ಜಾಲತಾಣದಲ್ಲಿ ಶುಲ್ಕ ಮರುಪಾವತಿ ಇವೆಲ್ಲಕ್ಕೂ ಪ್ರವೇಶವಾದ ಕೂಡಲೇ ಅರ್ಜಿ ಹಾಕಬೇಕು. ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆ ಮಗಳ ಹೆಸರಿನಲ್ಲೇ ಇರಲಿ. ಹತ್ತನೆಯ ತರಗತಿ ಮತ್ತು ಪಿಯುಸಿ ಎರಡನ್ನೂ ಸರ್ಕಾರಿ ಸಂಸ್ಥೆಯಲ್ಲಿ ಓದಿದ ಹೆಣ್ಣುಮಕ್ಕಳಿಗೆ ಅಜೀಂ ಪ್ರೇಮ್‌ಜಿ ಫೌಂಡೇಶನ್ ವರ್ಷಕ್ಕೆ 30,000 ರೂಪಾಯಿ ವಿದ್ಯಾರ್ಥಿವೇತನ ಕೊಡುತ್ತದೆ. ದಾವಣಗೆರೆಯಲ್ಲಿ ಅವಳು ಓದಿದ್ದು ಸರ್ಕಾರಿ ಪದವಿಪೂರ್ವ ಕಾಲೇಜಾಗಿದ್ದರೆ ಅದಕ್ಕೂ ಪ್ರಯತ್ನಿಸಿ. ಸಾಲ ಬೇಕೇ ಬೇಕೆಂದಾದರೆ 7.5 ಲಕ್ಷದವರೆಗೆ ಆಸ್ತಿ ಅಡಮಾನವಿಲ್ಲದೆ ಶಿಕ್ಷಣ ಸಾಲ ಕೊಡುವ ವ್ಯವಸ್ಥೆ ಬ್ಯಾಂಕುಗಳಲ್ಲಿದೆ. ಅರ್ಹತೆಯಿಂದ ಪಡೆದ ಸೀಟಿಗೆ ಇದು ಸುಲಭ, ಮ್ಯಾನೇಜ್‌ಮೆಂಟ್ ಸೀಟಿಗೆ ಕಷ್ಟ.

ನಿಮ್ಮ ತಮ್ಮನಿಗೆ ಫೋನ್ ಮಾಡುವಾಗ ಮಗಳನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಚಿಕ್ಕಪ್ಪನಿಗೆ ಅವಳೇ ಕಾರಣ ಹೇಳಲಿ, ಅವರ ಪ್ರಶ್ನೆಗಳಿಗೆ ಅವಳೇ ಉತ್ತರ ಕೊಡಲಿ. ಹದಿನೆಂಟರ ಹುಡುಗಿ, ಅಪ್ಪ ಅಮ್ಮನನ್ನು ಬಿಟ್ಟು ಎರಡು ವರ್ಷ ಹಾಸ್ಟೆಲಿನಲ್ಲಿದ್ದು ಓದಿ ಇಷ್ಟು ಅಂಕ ತಂದವಳು. ಏಕೆ ಕೃಷಿ ಎಂದು ಅವಳು ಹೇಳುವುದನ್ನು ನೀವೂ ಪೂರ್ತಿ ಕೇಳಿ.

ಸೀಟು ಸಿಕ್ಕು ಚಾಯ್ಸ್-1 ಒತ್ತಿದ ಮೇಲೆ ಶುಲ್ಕ ಕಟ್ಟಿ, ಪ್ರವೇಶ ಆದೇಶವನ್ನು ಮುದ್ರಿಸಿಕೊಂಡು, ಅದರಲ್ಲಿರುವ ಕೊನೆಯ ದಿನಾಂಕದೊಳಗೆ ಕಾಲೇಜಿಗೆ ಹಾಜರಾಗಬೇಕು; ತಪ್ಪಿದರೆ ಸೀಟು ರದ್ದಾಗುತ್ತದೆ. ವರ್ಗಾವಣೆ ಪತ್ರ, ಎರಡೂ ಅಂಕಪಟ್ಟಿ, ವ್ಯಾಸಂಗ ಮತ್ತು ಜಾತಿ ಆದಾಯ ಪ್ರಮಾಣಪತ್ರ, ಕೃಷಿಕರ ಕೋಟಾದ ದಾಖಲೆಗಳ ಮೂಲ ಪ್ರತಿಗಳನ್ನೂ ಮೂರು ಮೂರು ಜೆರಾಕ್ಸ್ ಪ್ರತಿಗಳನ್ನೂ ಈಗಲೇ ಒಂದು ಫೈಲಿನಲ್ಲಿ ಜೋಡಿಸಿಡಿ.